ರಾಶಿಯ ಕಾಲದ ಕಾವಲು: ಓಣಿಗೆ ಪಾಳಿ ಹಚ್ಚುವ ಬಗೆ

ಗೋವಿನಜೋಳದ ತೆನೆ ಮುರಿಯುವ ಅಕ್ಟೋಬರ್ ತಿಂಗಳಿನಿಂದ ಕೊನೆಯ ಕೊಯ್ಲಿನ ಮೆಣಸಿನಕಾಯಿ ಬ್ಯಾಡಗಿ ಪೇಟೆ ಸೇರುವ ಮಾರ್ಚ್‌ವರೆಗೆ ಹಾವೇರಿ, ಗದಗ, ಧಾರವಾಡ ಸೀಮೆಯ ರೈತನ ವರ್ಷದ ದುಡಿಮೆ ಬಹುಮಟ್ಟಿಗೆ ಬಯಲಲ್ಲೇ ಬಿದ್ದಿರುತ್ತದೆ. ಕಾಳು ರಸ್ತೆಯ ಅಂಚಿನಲ್ಲಿ, ಹತ್ತಿ ಪಡಸಾಲೆಯಲ್ಲಿ, ಮೇವು ಬಣವೆಯಲ್ಲಿ, ಮೋಟಾರು ಹಳ್ಳದ ದಂಡೆಯಲ್ಲಿ, ಕುರಿ ಹಟ್ಟಿಯಲ್ಲಿ; ಕೀಲಿ ಬೀಳುವುದು ಮನೆಯ ಬಾಗಿಲಿಗೆ ಮಾತ್ರ. ಈ ಐದಾರು ತಿಂಗಳು ಓಣಿಯವರೇ ಸರದಿಯಂತೆ ರಾತ್ರಿ ಎಚ್ಚರವಿರುವ ವ್ಯವಸ್ಥೆಯನ್ನು ಹೇಗೆ ಕಟ್ಟಬೇಕು, ಅದು ಎಲ್ಲಿ ಸಡಿಲಾಗುತ್ತದೆ, ಪಾಳಿಯವರು ಏನನ್ನು ನೋಡಬೇಕು ಎಂಬುದನ್ನು ವರದಾ ನದಿಯ ದಂಡೆಯ ನಮ್ಮ ಊರಿನಲ್ಲಿ ನಾಲ್ಕು ಸುಗ್ಗಿ ನಡೆಸಿ ಕಂಡದ್ದರ ಮೇಲೆ ಇಲ್ಲಿ ಬರೆಯುತ್ತಿದ್ದೇನೆ. ಇಂಡೋನೇಷ್ಯಾದ ಜಾವಾ ದ್ವೀಪದ ಹಳ್ಳಿಗಳಿಂದ ನಾವು ಕಡ ತಂದ ಒಂದು ಪದ್ಧತಿಯೂ ಇದರಲ್ಲಿ ಸೇರಿದೆ.

ನಮ್ಮಲ್ಲಿ ಪಾಳಿ ಹುಟ್ಟಿದ್ದು ಕಳ್ಳರ ಭಯದಿಂದಲ್ಲ. ಡಿಸೆಂಬರ್ ತಿಂಗಳ ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ತ್ರೀಫೇಸ್ ಕರೆಂಟು ಬಂದಿತೆಂದು ಮೋಟಾರು ಚಾಲು ಮಾಡಲು ಹೊರಟ ಒಬ್ಬರಿಗೆ ಓಣಿಯ ತುದಿಯ ಬಣವೆಯ ಬುಡದಲ್ಲಿ ಕೆಂಡದ ಬಣ್ಣ ಕಂಡಿತು. ಮೇಲೆ ಜೋತುಬಿದ್ದಿದ್ದ ಎರಡು ತಂತಿಗಳು ಗಾಳಿಗೆ ತಾಗಿ ಕಿಡಿ ಉದುರಿತ್ತು. ಅವರು ಕೂಗಿದರು, ಮೂರು ಮನೆಯವರು ಎದ್ದರು, ಆದರೆ ನೀರಿನ ಟ್ಯಾಂಕಿನ ವಾಲ್ವಿನ ಕೀಲಿ ಯಾರ ಬಳಿ ಇದೆ ಎಂಬುದು ಆ ಮೂರೂ ಮನೆಯವರಿಗೆ ಗೊತ್ತಿರಲಿಲ್ಲ. ಬಣವೆಗೆ ಒರಗಿದಂತೆಯೇ ಇದ್ದ ಕೊಟ್ಟಿಗೆಯಲ್ಲಿ ಎರಡು ಎತ್ತುಗಳಿದ್ದವು. ಬೆದರಿದ ಎತ್ತು ಹಿಂದಕ್ಕೆ ಜಗ್ಗಿ ಜಗ್ಗಿ ಗೂಟದ ಗಂಟು ಕಲ್ಲಿನಂತೆ ಬಿಗಿದಿತ್ತು. ಕೈಯಿಂದ ಬಿಚ್ಚಲು ಬಾರದೆ ಕುಡುಗೋಲಿನಿಂದ ಹಗ್ಗ ಕೊಯ್ದು ಅವನ್ನು ಹೊರಗೆ ಅಟ್ಟಬೇಕಾಯಿತು. ಎತ್ತು ಉಳಿದವು, ಮೇವು ಉಳಿಯಲಿಲ್ಲ. ಅಂದು ಆ ರೈತರು ನೀರು ಹಾಯಿಸಲು ಏಳದಿದ್ದರೆ ಎಂಬ ಮಾತು ಮರುದಿನ ಕಟ್ಟೆಯ ಮೇಲೆ ಎಲ್ಲರ ಬಾಯಲ್ಲೂ ಬಂತು. ಪಾಳಿಗೆ ಕಳ್ಳ ಸಿಗುವುದು ಅಪರೂಪ. ಬೆಂಕಿ, ಹಾವು, ಹೆರಿಗೆ ನೋವು, ಕುಸಿಯುವ ಗೋಡೆ ಇವು ಮಾತ್ರ ಖಂಡಿತ ಸಿಗುತ್ತವೆ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಂಡು ಪಾಳಿ ಕಟ್ಟಿದರೆ, ‘ಕಳ್ಳರೇ ಬರಲಿಲ್ಲವಲ್ಲ, ಇನ್ನೇಕೆ ಕಾವಲು’ ಎಂದು ಎರಡನೆಯ ತಿಂಗಳಿಗೆ ಜನ ಬಿಟ್ಟುಬಿಡುವುದಿಲ್ಲ.

ಹಿಂದೆ ಈ ಕೆಲಸಕ್ಕೆ ಊರಿಗೊಂದು ಹುದ್ದೆಯೇ ಇತ್ತು. ಮುಂಬೈ ಇಲಾಖೆಗೆ ಸೇರಿದ್ದ ನಮ್ಮ ಭಾಗದಲ್ಲಿ ವಾಲೀಕಾರರು, ಶೇತಸನದಿಗಳು ಊರು ಕಾಯುತ್ತಿದ್ದರು. ಅದಕ್ಕೆ ಪ್ರತಿಯಾಗಿ ಅವರಿಗೆ ಇನಾಮು ಭೂಮಿ ಇರುತ್ತಿತ್ತು. 1961ರಲ್ಲಿ ಬಂದು 1963ರಲ್ಲಿ ಜಾರಿಯಾದ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯು ವಂಶಪಾರಂಪರ್ಯದ ಆ ಹುದ್ದೆಗಳನ್ನು ತೆಗೆಯಿತು. ಕೆಲವು ಮನೆತನಗಳ ಹೆಗಲಿಗೆ ಹುಟ್ಟಿನಿಂದಲೇ ಕಟ್ಟಿದ್ದ ಚಾಕರಿ ತಪ್ಪಿದ್ದು ಒಳ್ಳೆಯದೇ ಆಯಿತು. ಆದರೆ ರಾತ್ರಿ ಎಚ್ಚರವಿರುವ ಕೆಲಸವನ್ನು ಆಮೇಲೆ ಯಾರೂ ತಮ್ಮದೆಂದು ಎತ್ತಿಕೊಳ್ಳಲಿಲ್ಲ. 1964ರ ಗ್ರಾಮ ರಕ್ಷಣಾ ದಳದ ಕಾಯ್ದೆಯಡಿ ದಳಪತಿಗಳಿರುವ ಊರುಗಳೂ ಉಂಟು. ನಿಮ್ಮ ಊರಿನಲ್ಲಿ ದಳಪತಿ ಇದ್ದರೆ ಅವರನ್ನು ಬಿಟ್ಟು ಪಾಳಿ ಕಟ್ಟಬೇಡಿ.

ಜಾವಾದಲ್ಲಿ ರಾತ್ರಿ ಗಸ್ತಿಗೆ ‘ರೊಂಡಾ’ ಎನ್ನುತ್ತಾರೆ. ಅಕ್ಕಪಕ್ಕದ ಹತ್ತಾರು ಮನೆಗಳು ಸೇರಿ ‘ರುಕುನ್ ತೆತಂಗಾ’ ಎಂಬ ನೆರೆಕೂಟವಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ದ್ವೀಪವನ್ನು ಹಿಡಿದಿದ್ದ ಜಪಾನೀಯರು ತಮ್ಮ ನಾಡಿನ ಮಾದರಿಯಲ್ಲಿ ತಂದ ಈ ಕೂಟಗಳು ಸ್ವಾತಂತ್ರ್ಯದ ನಂತರವೂ ಉಳಿದವು. 1980ರ ದಶಕದಲ್ಲಿ ಸುಹಾರ್ತೋ ಸರ್ಕಾರ ಗಸ್ತಿನ ಪದ್ಧತಿಯನ್ನು ‘ಸಿಸ್ಕಾಮ್ಲಿಂಗ್’ ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ಹಬ್ಬಿಸಿತು. (ಆ ಸರ್ಕಾರಕ್ಕೆ ಜನರ ಮೇಲೆ ಕಣ್ಣಿಡಲೂ ಅದು ಅನುಕೂಲವಾಗಿತ್ತು ಎಂಬುದನ್ನು ಮರೆಯಬಾರದು.) ಓಣಿಯ ಮೂಲೆಯಲ್ಲಿ ಒಂದು ಸಣ್ಣ ಚಪ್ಪರ, ಅದರಲ್ಲಿ ತೂಗುಹಾಕಿದ ‘ಕೆಂತೊಂಗನ್’ ಎಂಬ ಟೊಳ್ಳು ಮರದ ಅಥವಾ ಬಿದಿರಿನ ವಾದ್ಯ, ಸರದಿಯ ಮೇಲೆ ಬರುವ ಗಂಡಾಳುಗಳು: ಅಲ್ಲಿನ ಕಾವಲಿಗೆ ಬೇಕಾದದ್ದು ಇಷ್ಟೇ. ಆದರೆ ಅದನ್ನು ಹಿಡಿದು ನಿಲ್ಲಿಸಿರುವುದು ‘ಜಿಂಪಿತಾನ್’ ಎಂಬ ಇನ್ನೊಂದು ರೂಢಿ ಎಂದು ನನ್ನ ಅಭಿಪ್ರಾಯ. ಜಿಂಪಿತ್ ಎಂದರೆ ಚಿಟಿಕೆ. ಪ್ರತಿ ಮನೆಯ ಮುಂದೆ ಒಂದು ಸಣ್ಣ ಡಬ್ಬಿ ತೂಗುತ್ತಿರುತ್ತದೆ; ಮನೆಯವರು ಮಲಗುವ ಮುಂಚೆ ಅದರಲ್ಲಿ ಚಿಟಿಕೆ ಅಕ್ಕಿಯನ್ನೋ ಒಂದು ನಾಣ್ಯವನ್ನೋ ಹಾಕುತ್ತಾರೆ, ಗಸ್ತಿನವರು ರಾತ್ರಿ ಅದನ್ನು ಎತ್ತಿಕೊಂಡು ಹೋಗುತ್ತಾರೆ. ಕೂಡಿದ್ದು ಕೂಟದ ಖರ್ಚಿಗೆ. ನೋಡಲು ಇದು ವಂತಿಗೆ. ಅದರ ಜಾಣ್ಮೆ ಬೇರೆಡೆ ಇದೆ: ಬೆಳಿಗ್ಗೆ ಎದ್ದು ನೋಡಿದಾಗ ಡಬ್ಬಿ ಖಾಲಿಯಾಗಿರದಿದ್ದರೆ ಗಸ್ತಿನವರು ಆ ಮನೆಯ ಮುಂದೆ ಬರಲೇ ಇಲ್ಲ ಎಂದು ಅರ್ಥ. ಕಾಯುವವರನ್ನು ಕಾಯುವ ಕೆಲಸವನ್ನು ಆ ಡಬ್ಬಿ ಮಾಡುತ್ತದೆ, ಯಾರೂ ಯಾರ ಮೇಲೂ ದೂರು ಹೇಳಬೇಕಾಗಿಲ್ಲ. ನಾವು ಕಡ ತಂದದ್ದು ಈ ಡಬ್ಬಿಯನ್ನೇ.

ಈಗ ಕಟ್ಟುವ ಬಗೆ. ಪಾಳಿಯನ್ನು ಓಣಿವಾರು ಹಚ್ಚಿರಿ, ಊರುವಾರು ಬೇಡ. ಇಡೀ ಊರಿಗೆ ಒಂದೇ ಪಾಳಿ ಎಂದರೆ ಅದರೊಳಗೆ ಪಂಚಾಯಿತಿ ಚುನಾವಣೆ ಬರುತ್ತದೆ, ಹಳೆಯ ಪಾರ್ಟಿ ಬರುತ್ತದೆ, ಯಾರ ಕಣವನ್ನು ಮೊದಲು ಕಾಯಬೇಕೆಂಬ ತಕರಾರು ಬರುತ್ತದೆ. ಮೂವತ್ತರಿಂದ ಐವತ್ತು ಮನೆಗಳ ಓಣಿ ಹದವಾದ ಅಳತೆ. ನಮ್ಮ ಓಣಿಯಲ್ಲಿ 42 ಮನೆಗಳಿವೆ. ಒಂದು ರಾತ್ರಿಗೆ ನಾಲ್ಕು ಮನೆಗಳಿಂದ ಒಬ್ಬೊಬ್ಬರು. ಇಬ್ಬರು ಹನ್ನೊಂದರಿಂದ ಎರಡರವರೆಗೆ, ಇನ್ನಿಬ್ಬರು ಎರಡರಿಂದ ಐದರವರೆಗೆ. ಹೀಗಾಗಿ ಒಂದು ಮನೆಗೆ ಹತ್ತು ಹನ್ನೊಂದು ರಾತ್ರಿಗೊಮ್ಮೆ ಮೂರು ತಾಸಿನ ಕೆಲಸ ಬೀಳುತ್ತದೆ. ಹಗಲು ದುಡಿಯುವವನಿಗೆ ಇದಕ್ಕಿಂತ ಹೆಚ್ಚಿನ ಭಾರ ಹಾಕಿದರೆ ನಡೆಯುವುದಿಲ್ಲ. ಎರಡನೆಯ ಜಾವಕ್ಕೆ ಒಬ್ಬ ಹಿರಿಯರನ್ನೂ ಒಬ್ಬ ಹುಡುಗನನ್ನೂ ಕೂಡಿಸಬೇಕು. ಇಬ್ಬರೂ ಹುಡುಗರಾದರೆ ಮೊಬೈಲು ಹಿಡಿದು ಕಟ್ಟೆಯ ಮೇಲೆ ಕೂರುತ್ತಾರೆ, ಇಬ್ಬರೂ ಹಿರಿಯರಾದರೆ ತಂಬಾಕು ತಿಕ್ಕುತ್ತ ಅಲ್ಲೇ ಕೂರುತ್ತಾರೆ. ಕುಡಿದು ಬಂದವನನ್ನು ಮಾತಿಲ್ಲದೆ ಮನೆಗೆ ಕಳಿಸಬೇಕು.

ಮೊದಲ ವರ್ಷ ನಾವು ತಪ್ಪಿಸಿದವರಿಗೆ ನೂರು ರೂಪಾಯಿ ದಂಡ ಇಟ್ಟೆವು. ಅದು ಕೆಟ್ಟ ನಿಯಮವೆಂದು ತಿಂಗಳಲ್ಲೇ ಗೊತ್ತಾಯಿತು. ಕೈಯಲ್ಲಿ ದುಡ್ಡಿದ್ದವರು ನೂರು ರೂಪಾಯಿ ಬಿಸಾಕಿ ಮಲಗಿದರು, ಕೂಲಿ ಮಾಡುವವರು ಅವರ ಬಣವೆಯನ್ನು ಕಾದರು. ಈಗ ದಂಡವಿಲ್ಲ, ತಪ್ಪಿಸಿದವರಿಗೆ ಮುಂದಿನ ವಾರ ಎರಡು ಪಾಳಿ, ಅದನ್ನೂ ತಪ್ಪಿಸಿದರೆ ಅವರ ಹೆಸರನ್ನು ಪಟ್ಟಿಯಿಂದ ತೆಗೆದು ಅವರ ಡಬ್ಬಿಯನ್ನು ಬಿಚ್ಚಿ ಕೈಗೆ ಕೊಡುವುದು. ನಾಲ್ಕು ವರ್ಷಗಳಲ್ಲಿ ಒಂದೇ ಒಂದು ಡಬ್ಬಿ ಬಿಚ್ಚಿದ್ದೇವೆ, ಅದೂ ಒಂಬತ್ತು ದಿನಕ್ಕೆ ಮತ್ತೆ ಗೋಡೆ ಸೇರಿತು. ಗಂಡಸರಿಲ್ಲದ, ಮುದುಕರಷ್ಟೇ ಇರುವ ಮನೆಗಳಿಗೆ ಪಾಳಿ ಹಚ್ಚಬಾರದು. ಆದರೆ ಡಬ್ಬಿ ಅವರ ಗೋಡೆಗೂ ಇರಬೇಕು. ನಮ್ಮಲ್ಲಿ ಅಂಥ ಒಂದು ಮನೆಯ ಅಜ್ಜಿಯ ಬಳಿಯೇ ಪಾಳಿಯ ಲೆಕ್ಕದ ವಹಿ ಇರುತ್ತದೆ, ಬೆಳಿಗ್ಗೆ ಲೆಕ್ಕ ಬರೆಸುವುದೂ ಅವರ ಎದುರಿಗೇ. ಪಾಳಿಗೆ ಹೋಗಿ ಬಂದ ಹುಡುಗರು ಅವರಿಗೆ ಸುಳ್ಳು ಹೇಳುವುದಿಲ್ಲ.

ಡಬ್ಬಿಯ ವಿಷಯದಲ್ಲಿಯೂ ಒಂದು ಮಾತು ಇದೆ. ಆರಂಭದಲ್ಲಿ ನಾವು ಹಿಡಿ ಜೋಳ ಹಾಕಿ ನೋಡಿದೆವು. ಅರ್ಧ ಇಲಿಗೆ, ಅರ್ಧ ಗುಬ್ಬಿಗೆ ಹೋಯಿತು. ಈಗ ಎರಡು ರೂಪಾಯಿಯ ನಾಣ್ಯ. 42 ಮನೆಗಳಿಂದ ರಾತ್ರಿಗೆ 84 ರೂಪಾಯಿ, ತಿಂಗಳಿಗೆ ಸುಮಾರು 2,500 ರೂಪಾಯಿ ಕೂಡುತ್ತದೆ. ಅದರಲ್ಲಿ ಎರಡು ಒಳ್ಳೆಯ ಬ್ಯಾಟರಿ, ನಾಲ್ಕು ಸೀಟಿ, ಬೆಂಕಿಗೆ ಹತ್ತು ಬಕೀಟು, ಒಂದು ಕುಡುಗೋಲು ತೆಗೆದುಕೊಂಡು, ಉಳಿದದ್ದನ್ನು ಮಧ್ಯರಾತ್ರಿ ಆಸ್ಪತ್ರೆಗೆ ಗಾಡಿ ಮಾಡಬೇಕಾದರೆ ಎಂದು ಕೈಗಡ ಕೊಡಲು ಇಟ್ಟಿದ್ದೇವೆ. ಬ್ಯಾಂಕಿಗೆ ಹಾಕಿದ ದುಡ್ಡು ರಾತ್ರಿ ಎರಡು ಗಂಟೆಗೆ ಕೈಗೆ ಬರುವುದಿಲ್ಲ. ಕನಿಷ್ಠ ಐದು ಸಾವಿರ ರೂಪಾಯಿ ಓಣಿಯಲ್ಲಿಯೇ ನಗದಾಗಿರಬೇಕು.

ಪಾಳಿ ಆರಂಭಿಸುವ ಮೊದಲು ಹೆಸರುಗಳ ಪಟ್ಟಿಯನ್ನು ಬಿಳಿ ಹಾಳೆಯಲ್ಲಿ ಬರೆದು ಪೊಲೀಸ್ ಠಾಣೆಗೆ ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಂಡು ಬರಬೇಕು. ಬೀಟ್ ಪೊಲೀಸರ ಮೊಬೈಲ್ ಸಂಖ್ಯೆ ಪಾಳಿಯವರೆಲ್ಲರ ಬಳಿ ಇರಬೇಕು. ಕೈಯಲ್ಲಿ ಬಡಿಗೆ ಮತ್ತು ಬ್ಯಾಟರಿ ಸಾಕು. ಕೊಡಲಿ, ಮಚ್ಚು ಹಿಡಿದು ತಿರುಗುವುದು ಬೇಡ.

ಸಂಕೇತದ ಮಾತಿಗೆ ಸ್ವಲ್ಪ ಹೊತ್ತು ಕೊಡಬೇಕು. ಕೆಂತೊಂಗನ್ನಿನ ಹೊಡೆತಕ್ಕೆ ಜಾವಾದಲ್ಲಿ ಭಾಷೆಯೇ ಇದೆ. ಕಳವಿಗೆ ಒಂದು ಲಯ, ಬೆಂಕಿಗೆ ಒಂದು, ನೆರೆಗೆ ಒಂದು, ಎಲ್ಲ ಕ್ಷೇಮ ಎನ್ನಲು ಇನ್ನೊಂದು. ಬಿಡದೆ ಬಡಿಯುವ ‘ತಿತಿರ್’ ಕೇಳಿದರೆ ಎಲ್ಲರೂ ಹೊರಬೀಳುತ್ತಾರೆ. ನಮ್ಮಲ್ಲಿ ಹಲಗೆ ಇದೆ, ಗುಡಿಯ ಗಂಟೆ ಇದೆ, ಮೈಕ್ ಇದೆ. ಆದರೆ ಹಲಗೆ ಮದುವೆಗೂ ಬಡಿಯುತ್ತದೆ, ಗಂಟೆ ಯಾವಾಗ ಬೇಕಾದರೂ ಬಾರಿಸುತ್ತದೆ, ಮೈಕಿಗೆ ಕರೆಂಟು ಬೇಕು. ಆದ್ದರಿಂದ ಶಾಲೆಯ ಗಂಟೆಯಂತೆ ರೈಲು ಕಂಬಿಯ ಒಂದು ತುಂಡನ್ನು ಬೇವಿನ ಗಿಡಕ್ಕೆ ತೂಗುಹಾಕಿ, ಅದನ್ನು ಬೇರೆ ಯಾವುದಕ್ಕೂ ಬಾರಿಸಕೂಡದು ಎಂದು ಕಟ್ಟು ಮಾಡಿದ್ದೇವೆ. ಬಿಡದೆ ಬಾರಿಸಿದರೆ ಬೆಂಕಿ, ಎರಡೆರಡು ಹೊಡೆತವಾದರೆ ಕಳವು, ಮೂರುಮೂರಾದರೆ ಯಾರದೋ ಜೀವಕ್ಕೆ ಅಪಾಯ. ಮೂರಕ್ಕಿಂತ ಹೆಚ್ಚು ಸಂಕೇತ ಇಟ್ಟರೆ ನಿದ್ದೆಗಣ್ಣಿನವನಿಗೆ ನೆನಪಿರುವುದಿಲ್ಲ. ಅಮಾವಾಸ್ಯೆಯಂದು ಮಧ್ಯಾಹ್ನ ಒಮ್ಮೆ ಬಾರಿಸಿ ಮಕ್ಕಳಿಂದ ಅರ್ಥ ಹೇಳಿಸುವುದು ರೂಢಿಯಾಗಿದೆ.

ವಾಟ್ಸ್ಆ್ಯಪ್ ಗುಂಪನ್ನು ಪಾಳಿಯ ಪಟ್ಟಿ ಹಾಕಲು ಮಾತ್ರ ಬಳಸಬೇಕು. ‘ಅಪರಿಚಿತರು ಬಂದಿದ್ದಾರೆ, ಎಚ್ಚರ’ ಎಂಬ ಸಂದೇಶವನ್ನು ಅದರಲ್ಲಿ ಬಿಡಲೇಬಾರದು. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ಸುದ್ದಿ ನಂಬಿ ಕಾರಿನಲ್ಲಿ ಬಂದಿದ್ದವರ ಮೇಲೆ ಗುಂಪು ಬಿದ್ದು, ಹೈದರಾಬಾದಿನ ಒಬ್ಬ ಯುವಕ ಸತ್ತುಹೋದ. ಕಳ್ಳನೇ ಸಿಕ್ಕರೂ ಹೊಡೆಯಬಾರದು. ಜಾವಾದ ಗಸ್ತಿಗೂ ಇದೇ ಕಳಂಕ ಅಂಟಿದೆ. ಸಿಕ್ಕವನನ್ನು ಗುಂಪು ಸೇರಿ ಬಡಿದು ಕೊಲ್ಲುವುದು ಅಲ್ಲಿ ಹಳೆಯ ಪಿಡುಗು. ನಮ್ಮ ಕಾನೂನು ಸ್ಪಷ್ಟವಾಗಿದೆ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮಿನಂತೆ, ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಿಲ್ಲದ ಅಪರಾಧವನ್ನು ಕಣ್ಣೆದುರು ಮಾಡಿದವನನ್ನು ಸಾಮಾನ್ಯ ನಾಗರಿಕನೂ ಹಿಡಿಯಬಹುದು, ಆದರೆ ತಡಮಾಡದೆ, ಹೆಚ್ಚೆಂದರೆ ಆರು ತಾಸಿನೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹಿಡಿದ ಕೂಡಲೇ 112ಕ್ಕೆ ಕರೆ ಮಾಡಿ, ವೇಳೆ ಬರೆದಿಟ್ಟುಕೊಂಡು, ಬೆಳಕಿರುವ ಕಟ್ಟೆಯ ಮೇಲೆ ಕೂರಿಸಿ ನೀರು ಕೊಡಿ. ಸಿಟ್ಟು ಜಾಸ್ತಿ ಇರುವವರನ್ನು ಠಾಣೆಯ ಗಾಡಿ ಎದುರುಗೊಳ್ಳಲು ಊರ ಅಗಸಿಗೆ ಕಳಿಸುವುದು ನಮ್ಮ ಉಪಾಯ.

ಜಾವಾದ ಓಣಿಗಳ ಬಾಯಲ್ಲಿ ‘ಅತಿಥಿಗಳು 24 ತಾಸಿನೊಳಗೆ ವರದಿ ಮಾಡತಕ್ಕದ್ದು’ ಎಂಬ ಫಲಕ ಇರುತ್ತದೆ. ಅದನ್ನು ಹಾಗೆಯೇ ತರುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಸೀಮೆಗೆ ಸುಗ್ಗಿಯಲ್ಲಿ ಹೊರಗಿನಿಂದ ಬರುವವರು ಹೊಲದಲ್ಲಿ ಹಟ್ಟಿ ಹಾಕುವ ಕುರಿಗಾರರು, ಕಬ್ಬು ಕಡಿಯುವವರು, ರಾಶಿ ಯಂತ್ರದ ಹುಡುಗರು. ಕಳವಾಗುವುದು ಹೆಚ್ಚಾಗಿ ಆ ಕುರಿಗಾರರ ಕುರಿಯೇ ಹೊರತು ಅವರಿಂದ ನಮ್ಮದಲ್ಲ. ಯಾರ ಹೊಲದಲ್ಲಿ ತಂಗಿದ್ದಾರೋ ಆ ರೈತರು ಅವರ ಮೊಬೈಲ್ ಸಂಖ್ಯೆಯನ್ನು ವಹಿಯಲ್ಲಿ ಬರೆಸಿ, ಪಾಳಿಯವರ ಸಂಖ್ಯೆಯನ್ನು ಅವರಿಗೂ ಕೊಟ್ಟರೆ ಕಾವಲು ಎರಡೂ ಕಡೆಗೆ ಆಗುತ್ತದೆ.

ಇನ್ನು ಗಸ್ತಿನ ದಾರಿ. ಪಾಳಿಯವರು ಕಡ್ಡಾಯವಾಗಿ ಬೆಳಕು ಹಾಯಿಸಬೇಕಾದದ್ದು ಬಣವೆಗಳ ಬುಡಕ್ಕೆ. ಬಣವೆಯನ್ನು ಕರೆಂಟಿನ ತಂತಿಯ ಕೆಳಗೆ, ಕೊಟ್ಟಿಗೆಗೆ ಒರಗಿಸಿ ಒಟ್ಟಬಾರದೆಂದು ಎಲ್ಲರಿಗೂ ಗೊತ್ತು. ಜಾಗವಿಲ್ಲವೆಂದು ಎಲ್ಲರೂ ಅಲ್ಲಿಯೇ ಒಟ್ಟುತ್ತಾರೆ. ಜಾಗವಿಲ್ಲದಿದ್ದರೆ ಒಂದು ದೊಡ್ಡ ಬಣವೆಯ ಬದಲು ಎರಡು ಸಣ್ಣವು ಮಾಡಿ, ನಡುವೆ ಚಕ್ಕಡಿ ಹಾಯುವಷ್ಟು ದಾರಿ ಬಿಡಿ. ಜೋತ ತಂತಿಯ ಫೋಟೊ ತೆಗೆದು ವಿದ್ಯುತ್ ಕಂಪನಿ ಹೆಸ್ಕಾಂನ ಶಾಖೆಗೆ ಬರೆದು ಕೊಟ್ಟು, ಅದರ 1912 ಸಹಾಯವಾಣಿಗೂ ದೂರು ದಾಖಲಿಸಿ ಅದರ ಸಂಖ್ಯೆಯನ್ನು ವಹಿಯಲ್ಲಿ ಬರೆದಿಡಿ. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. ಕಿಡಿಯೇ ಬೀಳದೆ ಬಣವೆ ಉರಿಯುವುದೂ ಉಂಟು. ಹಸಿಯಾರದ ಮೇವನ್ನು ಒತ್ತಿ ಒಟ್ಟಿದರೆ ಒಳಗೆ ಕಾವೇರಿ ಕೊನೆಗೆ ತಾನೇ ಹೊತ್ತಿಕೊಳ್ಳುತ್ತದೆ. ಬಣವೆಯಿಂದ ಹುಳಿ ಹೊಗೆಯ ವಾಸನೆ ಬಂದರೆ ಒಂದು ಕಬ್ಬಿಣದ ಸಲಾಕೆಯನ್ನು ನಡುವಿನವರೆಗೆ ಚುಚ್ಚಿ, ಅರ್ಧ ತಾಸಿನ ನಂತರ ಹಿರಿದು ಹಿಡಿದು ನೋಡಿ. ಕೈ ತಾಳದಷ್ಟು ಸುಟ್ಟರೆ, ಬಕೀಟುಗಳಲ್ಲಿ ನೀರು ತುಂಬಿಟ್ಟುಕೊಂಡು, ಬೆಳಕಿನಲ್ಲಿ ಬಣವೆ ಬಿಚ್ಚಬೇಕು. ಎತ್ತು, ಎಮ್ಮೆಗಳನ್ನು ಗೂಟಕ್ಕೆ ಕಟ್ಟುವಾಗ ಹಗ್ಗದ ತುದಿ ಎಳೆದರೆ ಬಿಚ್ಚುವ ಗಂಟು ಹಾಕಬೇಕು. ಈ ಒಂದು ಗಂಟನ್ನು ಓಣಿಯ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಕಲಿಸಿದ್ದು ನಮ್ಮ ಪಾಳಿಯ ಕೆಲಸಗಳಲ್ಲೆಲ್ಲ ಮೇಲಾದದ್ದು ಎಂದು ನಾನು ತಿಳಿದಿದ್ದೇನೆ.

ರಸ್ತೆಯ ಮೇಲೆ ಕಾಳು ಹರವುವುದು ಜಾವಾದಲ್ಲಿಯೂ ಇದೆ, ಅಲ್ಲಿ ಭತ್ತ, ಇಲ್ಲಿ ಗೋವಿನಜೋಳ. ಸರಿಯಲ್ಲ ಎಂದರೂ ಕಣವಿಲ್ಲದವರು ಬಿಡುವುದಿಲ್ಲ. ಹರವಲೇಬೇಕಾದರೆ ಅಂಚಿಗೆ ಕಲ್ಲು ಇಡಬಾರದು. ರಾತ್ರಿ ಬೈಕಿನವನ ಜೀವ ತೆಗೆಯುವುದು ಆ ಕಲ್ಲು. ಹೊಟ್ಟು ತುಂಬಿದ ಚೀಲಗಳನ್ನು ಇಟ್ಟು, ಎರಡೂ ತುದಿಗೆ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿ, ಕತ್ತಲಾಗುವ ಮೊದಲು ಕಾಳನ್ನು ಒಂದೇ ಬದಿಗೆ ಗುಡ್ಡೆ ಮಾಡಿ ತಾಡಪಾಲು ಹೊದಿಸಬೇಕು.

ಹೊಲದ ಕಡೆ ಹೋಗುವ ಪಾಳಿಯವರಿಗೆ ಕಳ್ಳನಿಗಿಂತ ದೊಡ್ಡ ಅಪಾಯ ಕಾಡುಹಂದಿಗೆಂದು ಬೇಲಿಗೆ ನೇರ ಕರೆಂಟು ಬಿಡುವವರಿಂದ. ಇದು ಅಪರಾಧ, ಮನುಷ್ಯರು ಸತ್ತರೆ ಜೈಲು. ಪಾಳಿಯ ಮೊದಲ ಸಭೆಯಲ್ಲಿಯೇ ಎಲ್ಲರ ಬಾಯಿಂದ ‘ಬಿಡುವುದಿಲ್ಲ’ ಎಂದು ಹೇಳಿಸಿಕೊಳ್ಳದೆ ಯಾರನ್ನೂ ಕತ್ತಲಲ್ಲಿ ಹೊಲಕ್ಕೆ ಕಳಿಸಬೇಡಿ. ಮೋಟಾರಿನ ಕೇಬಲ್ಲನ್ನು ಹೂಳಬೇಕು, ಮೋಟಾರಿನ ಮೈಮೇಲೆ ಉಳಿಯಿಂದ ಹೆಸರು ಕೊರೆಸಬೇಕು, ಬಿಲ್ಲಿನ ಫೋಟೊ ಮೊಬೈಲಿನಲ್ಲಿರಬೇಕು. ದನಗಳ ಕಿವಿಗೆ ಪಶು ಇಲಾಖೆಯವರು ಹಾಕುವ 12 ಅಂಕಿಯ ಬಿಲ್ಲೆಯ ಸಂಖ್ಯೆಯನ್ನೂ ಹಾಗೆಯೇ ಬರೆದಿಡಬೇಕು. ಕಳವಿನ ದೂರಿಗೂ ವಿಮೆಗೂ ಅದೇ ಗುರುತು. ಜಾವಾದ ಯೋಗ್ಯಕರ್ತದ ಕಡೆ ಕೆಲವು ಹಳ್ಳಿಗಳಲ್ಲಿ ಎಲ್ಲರ ದನಗಳನ್ನೂ ಒಂದೇ ಸಾಮೂಹಿಕ ಕೊಟ್ಟಿಗೆಯಲ್ಲಿ ಕಟ್ಟಿ ಸರದಿಯ ಮೇಲೆ ಕಾಯುತ್ತಾರೆ. ಮನೆಯೊಳಗೇ ಗೋದಲಿ ಇಟ್ಟುಕೊಂಡಿರುವ ನಮ್ಮವರಿಗೆ ಇದು ಒಗ್ಗಲಾರದು.

ಮೂರುಮೂರು ಹೊಡೆತದ ಸಂಕೇತ ಕೇಳಿದಾಗ ಹೆಚ್ಚಾಗಿ ಇರುವುದು ಹಾವು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಕೆಲಸ ಮಾಡುತ್ತದೆ; ಆದ್ದರಿಂದ ಹಾವನ್ನು ಹುಡುಕಿ ಕೊಂದು ಆಸ್ಪತ್ರೆಗೆ ಒಯ್ಯುವ ಅಗತ್ಯವಿಲ್ಲ. ಕಡಿದ ಜಾಗವನ್ನು ಕೊಯ್ಯಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು, ಬಾಯಿಂದ ಹೀರಬಾರದು. ಬಳೆ, ಉಂಗುರ, ಕಾಲುಂಗುರ ತೆಗೆದು, ಕಡಿದ ಕೈಕಾಲನ್ನು ಕೋಲು ಕಟ್ಟಿ ಅಲುಗದಂತೆ ಮಾಡಿ, ನಡೆಸದೆ ಎತ್ತಿಕೊಂಡು ಹೋಗಬೇಕು. ಕಡಿದ ವೇಳೆಯನ್ನು ಕೈಯ ಮೇಲೆಯೇ ಪೆನ್ನಿನಿಂದ ಬರೆದುಬಿಡಿ. ಗಾಬರಿಯಲ್ಲಿ ಅದು ಮೊದಲು ಮರೆಯುತ್ತದೆ. 108ಕ್ಕೆ ಕರೆ ಮಾಡುವಾಗಲೇ ಪ್ರತಿವಿಷ ಯಾವ ಆಸ್ಪತ್ರೆಯಲ್ಲಿ ಇದೆ ಎಂದು ಕೇಳಬೇಕು; ಅದನ್ನು ಸುಗ್ಗಿಗೆ ಮೊದಲೇ ವಿಚಾರಿಸಿ ವಹಿಯಲ್ಲಿ ಬರೆದಿದ್ದರೆ ಇನ್ನೂ ಒಳ್ಳೆಯದು. ಕಟ್ಟುಹಾವಿನ ಕಡಿತ ಹೆಚ್ಚು ನೋಯುವುದಿಲ್ಲ. ಕಣದಲ್ಲಿ ನೆಲದ ಮೇಲೆ ಮಲಗಿದ್ದವನು ನಸುಕಿನಲ್ಲಿ ಹೊಟ್ಟೆನೋವು ಎನ್ನುತ್ತಾನೆ, ಆಮೇಲೆ ರೆಪ್ಪೆ ಎತ್ತಲು ಆಗುವುದಿಲ್ಲ. ಹಾಗೆ ಕಂಡರೆ ಗಾಯ ಕಾಣದಿದ್ದರೂ ಹಾವೆಂದೇ ತಿಳಿದು ಹೊರಡಬೇಕು. ಕಣ ಕಾಯುವವರು ಹೊರಸಿನ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಗಿಸಿ ಮಲಗಬೇಕು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾಗಿದೆ. ಪರಿಹಾರದ ಅರ್ಜಿಗೆ ಆ ದಾಖಲೆ ಬೇಕಾಗುವುದರಿಂದ ಕೇಸ್ ಪೇಪರಿನ ಪ್ರತಿ ಬಿಡದೆ ತನ್ನಿ.

ನೆಲದೊಳಗೆ ಕಾಳು ತುಂಬಿಡುವ ಹಗೇವುಗಳು ಈಗ ಕಡಿಮೆಯಾದವು, ಆದರೆ ಹಳೆಯ ಮನೆಗಳ ಅಂಗಳದಲ್ಲಿ ಇನ್ನೂ ಇವೆ. ಜಾವಾದವರು ಒದ್ದೆ ನೆಲದಿಂದ ತಪ್ಪಿಸಲು ಕಣಜವನ್ನು ಕಂಬಗಳ ಮೇಲೆ ಎತ್ತಿ ಕಟ್ಟಿದರು. ಒಣ ನೆಲದ ನಮ್ಮವರು ಜೋಳವನ್ನು ನೆಲದೊಳಗೆ ಇಳಿಸಿದರು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಹುಳ ಸಾಯುವುದೂ ಅದರಿಂದಲೇ, ಇಳಿದ ಮನುಷ್ಯ ಸಾಯುವುದೂ ಅದರಿಂದಲೇ. ದೀಪ ಇಳಿಬಿಟ್ಟು ನೋಡುವ ಹಿರಿಯರ ರೂಢಿ ಅರ್ಧ ಮಾತ್ರ ಸರಿ: ಆರಿದರೆ ಅಪಾಯ ಖಂಡಿತ, ಆದರೆ ಉರಿಯಿತೆಂದ ಮಾತ್ರಕ್ಕೆ ಇಳಿಯುವುದು ಕ್ಷೇಮವಲ್ಲ. ಒಂದಿಡೀ ದಿನ ಬಾಯಿ ತೆರೆದಿಟ್ಟು, ಗಾಳಿ ಒಳಗೆ ಹೋಗುವಂತೆ ಬ್ಲೋವರ್ ಹಚ್ಚಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲೆ ಇಬ್ಬರು ಹಗ್ಗ ಹಿಡಿದಿದ್ದರೆ ಮಾತ್ರ ಇಳಿಯಬೇಕು. ಒಳಗೆ ಬಿದ್ದವನನ್ನು ಎತ್ತಲು ಹಗ್ಗವಿಲ್ಲದೆ ಇನ್ನೊಬ್ಬ ಇಳಿದರೆ ಎರಡು ಹೆಣ ಎತ್ತಬೇಕಾಗುತ್ತದೆ. ಕಾಳಿಗೆ ಹಾಕುವ ಗುಳಿಗೆಯ ವಿಷಯವೂ ಇದೇ. ಅದು ಗಾಳಿಯ ತೇವಕ್ಕೆ ವಿಷಾನಿಲ ಬಿಡುತ್ತದೆ. ಮಲಗುವ ಕೋಣೆಯಲ್ಲಿ ಚೀಲ ಇಟ್ಟು ಅದರಲ್ಲಿ ಗುಳಿಗೆ ಇಡುವವರನ್ನು ಕಂಡರೆ ಪಾಳಿಯವರು ಅಂದೇ ಎಬ್ಬಿಸಿ ಹೇಳಬೇಕು.

ರಾತ್ರಿಯ ಪಾಳಿ ಕಾಯಲಾರದ ಸೊತ್ತು ಭೂಮಿ. ಅದು ಹೋಗುವುದು ಹಗಲಿನಲ್ಲಿ, ಕಾಗದದ ಮೇಲೆ. ಇಂಡೋನೇಷ್ಯಾದ ಹಳ್ಳಿಗರು ‘ಗಿರಿಕ್’ ಎಂಬ ಹಳೆಯ ಕಂದಾಯದ ಚೀಟಿಯನ್ನೇ ತಲೆಮಾರುಗಳಿಂದ ಒಡೆತನದ ಪತ್ರವೆಂದು ಇಟ್ಟುಕೊಂಡಿದ್ದರು. 1960ರ ಭೂಕಾಯ್ದೆಯ ಲೆಕ್ಕದಲ್ಲಿ ಅದು ಒಡೆತನದ ಪ್ರಮಾಣಪತ್ರವಲ್ಲ. ನಮ್ಮಲ್ಲಿ ಉತಾರದ, ಅಂದರೆ ಪಹಣಿಯ, ಸ್ಥಿತಿಯೂ ಹೆಚ್ಚು ಬೇರೆಯಲ್ಲ. 1964ರ ಭೂಕಂದಾಯ ಕಾಯ್ದೆಯ 133ನೆಯ ಕಲಮು ಉತಾರದ ನಮೂದನ್ನು ಬೇರೆ ರೀತಿ ಸಾಬೀತಾಗುವವರೆಗೆ ಸತ್ಯವೆಂದು ಭಾವಿಸುತ್ತದೆ, ಅಷ್ಟೇ. ಮೂಲದ ಖರೀದಿ ಪತ್ರ, ವಾಟ್ನಿ (ಪಾಲು) ಪತ್ರ ಬೇಕೇ ಬೇಕು. ಆದ್ದರಿಂದ ಸುಗ್ಗಿಗೆ ಒಂದು ದಿನ ಓಣಿಯವರೆಲ್ಲ ತಮ್ಮ ಉತಾರ ತೆಗೆಸಿ ಕಟ್ಟೆಯ ಮೇಲೆ ಕೂತು ಓದಬೇಕು. ಅಜ್ಜನ ಹೆಸರಿನಲ್ಲಿಯೇ ಉಳಿದ ಹೊಲಕ್ಕೆ ವಾರಸಾ ಮಾಡಿಸಬೇಕು, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬಾರದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಅವರ ಪಾಲು ಗಂಡುಮಕ್ಕಳಷ್ಟೇ. ಊರೊಳಗಿನ ಮನೆಗೆ ಪಂಚಾಯಿತಿಯ ಇ-ಸ್ವತ್ತು ದಾಖಲೆ ಇದೆಯೇ ನೋಡಬೇಕು. ಬದುವಿನ ಕಲ್ಲು ಕಿತ್ತಿದ್ದರೆ ಜಗಳಕ್ಕೆ ನಿಲ್ಲದೆ ಹದ್ದುಬಸ್ತಿಗೆ (ಗಡಿ ಅಳತೆಗೆ) ಅರ್ಜಿ ಹಾಕಿ, ಅಳತೆಯ ದಿನ ಪಕ್ಕದ ಹೊಲದವರನ್ನೂ ನಿಲ್ಲಿಸಿಕೊಂಡು ಕಲ್ಲು ನೆಡಿಸಿ, ಎಲ್ಲರೂ ಇರುವ ಫೋಟೊ ತೆಗೆದಿಡಬೇಕು.

ಬೆಳೆವಿಮೆ ಮಾಡಿಸಿದವರು ಒಂದು ಲೆಕ್ಕ ನೆನಪಿಡಬೇಕು. ಕೊಯ್ದು ಹೊಲದಲ್ಲಿ ಹರವಿದ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಕೆಟ್ಟರೆ, ಕೆಟ್ಟ 72 ತಾಸಿನೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ನಮ್ಮ ಓಣಿಯಲ್ಲಿ ಒಬ್ಬರು ನಾಲ್ಕನೆಯ ದಿನ ಹೋಗಿ ಬರಿಗೈಯಲ್ಲಿ ಬಂದರು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದಿಂದ ಸತ್ತವರ ಮನೆಯವರಿಗೆ ಎರಡು ಲಕ್ಷ ರೂಪಾಯಿ ಬರುತ್ತದೆ. ಆದರೆ ಮೇ ತಿಂಗಳ ಕೊನೆಗೆ ಖಾತೆಯಲ್ಲಿ ಆ ಇಪ್ಪತ್ತು ರೂಪಾಯಿ ಇಲ್ಲದೆ ಎಷ್ಟೋ ಜನರ ವಿಮೆ ನಿಂತುಹೋಗಿರುತ್ತದೆ. ಬಿದ್ದ ಗೋಡೆ, ಸುಟ್ಟ ಬಣವೆ, ಯಾವುದನ್ನೇ ಆಗಲಿ ಫೋಟೊ ತೆಗೆದು, ಗ್ರಾಮ ಆಡಳಿತಾಧಿಕಾರಿ ಬಂದು ಪಂಚನಾಮೆ ಮಾಡುವವರೆಗೆ ಗುಡಿಸಿ ಹಾಕಬಾರದು.

ಯುಗಾದಿಯ ಮರುದಿನ ನಮ್ಮ ಪಾಳಿ ಮುಗಿಯುತ್ತದೆ. ಅಂದು ಅಜ್ಜಿಯ ಮನೆಯ ಪಡಸಾಲೆಯಲ್ಲಿ ವಹಿಯನ್ನು ಮೊದಲ ಹಾಳೆಯಿಂದ ಗಟ್ಟಿಯಾಗಿ ಓದಿಸಿ, ಉಳಿದ ದುಡ್ಡಿನಲ್ಲಿ ತಾಡಪಾಲು ತರುವುದೋ ಬಕೀಟು ತರುವುದೋ ತೀರ್ಮಾನಿಸಿ, 42 ಡಬ್ಬಿಗಳನ್ನೂ ಗೋಡೆಯಿಂದ ಬಿಚ್ಚಿ, ಹಿಂದೆ ಮನೆಯ ಸಂಖ್ಯೆ ಬರೆದು, ಒಂದು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸುತ್ತೇವೆ. ಕಂಬಿಯ ತುಂಡು ಮಾತ್ರ ಬೇವಿನ ಗಿಡದಲ್ಲೇ ಇರುತ್ತದೆ, ಮಳೆಗಾಲದಲ್ಲಿ ಮಣ್ಣಿನ ಗೋಡೆಗಳಿಗೆ ಅದು ಬೇಕಾಗುತ್ತದೆ.